ಕಾಗದ ತೋರಿಸಿ ಎಂದ ಕ್ಯಾನ್ಸಸ್

ಅಮೆರಿಕದ ರಾಜಕೀಯ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ವೈಟ್ ಹೌಸ್. ಇವತ್ತು ಅಲ್ಲಿಗೆ ಹೋಗುವುದು ಬೇಡ. ಆ ದೇಶದ ನಟ್ಟನಡುವೆ ಕ್ಯಾನ್ಸಸ್ ಅಂತ ಒಂದು ರಾಜ್ಯ ಇದೆ. ವಿಸ್ತೀರ್ಣದಲ್ಲಿ ನಮ್ಮ ಕರ್ನಾಟಕಕ್ಕಿಂತ ಸ್ವಲ್ಪ ದೊಡ್ಡದು. ಜನ ಮಾತ್ರ ಸುಮಾರು 29 ಲಕ್ಷ. ಗೋಧಿ ಬೆಳೆಯುತ್ತಾರೆ, ದನ ಸಾಕುತ್ತಾರೆ. ವಿಮಾನದಲ್ಲಿ ಅದರ ಮೇಲೆ ಹಾರಿ ಹೋಗುವವರೇ ಹೆಚ್ಚು, ಇಳಿಯುವವರು ಕಡಿಮೆ.

ಮತದಾರರ ಗುರುತಿನ ಚೀಟಿ, ವಲಸೆ, ತೆರಿಗೆ. ಈ ಮೂರೂ ಜಗಳ ಅಮೆರಿಕದ ಎಲ್ಲ ಕಡೆ ಇವೆ. ಮತ್ಯಾಕೆ ಕ್ಯಾನ್ಸಸ್? ಬೇರೆಯವರು ಬರೀ ಮಾತಾಡಿದ್ದನ್ನು ಈ ರಾಜ್ಯ ಮಾಡಿ ನೋಡಿತು. 2011ರಿಂದ 2018ರ ಒಳಗೆ ಇಲ್ಲಿ ಪೌರತ್ವದ ದಾಖಲೆ ಕೇಳುವ ಕಾನೂನು ಬಂತು, ತೆರಿಗೆ ಕಡಿತ ಬಂತು, ಎರಡೂ ಬಿದ್ದವು. ಲೆಕ್ಕ ನಮ್ಮ ಮುಂದಿದೆ. ವಾದಕ್ಕಿಂತ ಲೆಕ್ಕ ನೋಡುವುದು ವಾಸಿ, ಅಲ್ವಾ?

ಮೊದಲು ಒಂದು ಹಿನ್ನೆಲೆ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಆಧಾರ್ ಇಲ್ಲ. ರಾಷ್ಟ್ರೀಯ ಗುರುತಿನ ಚೀಟಿ ಅಂತ ಒಂದು ಇಲ್ಲವೇ ಇಲ್ಲ. ಸರ್ಕಾರ ನಮ್ಮನ್ನು ನಂಬರ್ ಹಾಕಿ ಎಣಿಸಬಾರದು ಅನ್ನುವ ಹಠ ಅಲ್ಲಿ ಎಡಪಂಥದವರಿಗೂ ಇದೆ, ಬಲಪಂಥದವರಿಗೂ ಇದೆ. ಪಿಂಚಣಿಯ ಲೆಕ್ಕಕ್ಕೆ ಕೊಡುವ ಸೋಷಿಯಲ್ ಸೆಕ್ಯುರಿಟಿ ನಂಬರ್ ಇದೆ, ನಿಜ. ಆದರೆ ಆ ಕಾರ್ಡಿನಲ್ಲಿ ಫೋಟೋ ಇಲ್ಲ. 1946ರಿಂದ 1972ರವರೆಗೆ ಅಚ್ಚಾದ ಕಾರ್ಡುಗಳ ಮೇಲಂತೂ 'ಇದು ಗುರುತಿಗಾಗಿ ಅಲ್ಲ' ಅಂತಲೇ ಬರೆದಿತ್ತು. ಡ್ರೈವಿಂಗ್ ಲೈಸೆನ್ಸೇ ಅಲ್ಲಿನ ಗುರುತಿನ ಚೀಟಿ. ಕಾರು ಓಡಿಸದವರ ಗತಿ? ಅಲ್ಲಿಂದಲೇ ಅರ್ಧ ಜಗಳ ಶುರು.

ಎರಡನೆಯದು, ಅಲ್ಲಿ ನಮ್ಮ ಚುನಾವಣಾ ಆಯೋಗದಂಥ ಒಂದು ಸಂಸ್ಥೆ ಇಡೀ ದೇಶದ ಚುನಾವಣೆ ನಡೆಸುವುದಿಲ್ಲ. ರಾಜ್ಯಗಳು ನಡೆಸುತ್ತವೆ. ರಾಜ್ಯದೊಳಗೆ ಕೌಂಟಿಗಳು, ಅಂದರೆ ನಮ್ಮ ಜಿಲ್ಲೆಗಳಂಥವು, ನಡೆಸುತ್ತವೆ. ಹೆಚ್ಚಿನ ಕಡೆ ಚುನಾವಣೆಯ ಮುಖ್ಯಸ್ಥರೇ ಒಂದು ಪಕ್ಷದಿಂದ ಗೆದ್ದು ಬಂದವರು. ಇನ್ನು ಮತದಾರರ ಪಟ್ಟಿಗೆ ಸೇರಬೇಕಾದರೆ ಸಾಮಾನ್ಯವಾಗಿ ನೀವೇ ಅರ್ಜಿ ಹಾಕಬೇಕು. 'ನೀವು ಅಮೆರಿಕದ ಪ್ರಜೆಯೇ' ಅಂತ ಒಂದು ಪ್ರಶ್ನೆ. ಪಕ್ಕದ ಚೌಕದಲ್ಲಿ ಗುರುತು ಹಾಕಿ, ಕೆಳಗೆ ಸಹಿ ಮಾಡಿದರೆ ಆಯಿತು. ಸುಳ್ಳು ಹೇಳಿದರೆ ಜೈಲು. ಪ್ರಜೆಯಲ್ಲದವರಾದರೆ ದೇಶದಿಂದಲೇ ಹೊರಗೆ. ವ್ಯವಸ್ಥೆ ನಿಂತಿರುವುದು ಆ ಸಹಿಯ ಮೇಲೆ, ಆ ಹೆದರಿಕೆಯ ಮೇಲೆ.

ಇದು ಸಾಕೋ ಸಾಲದೋ? ಜಗಳ ಇರುವುದು ಅದಕ್ಕೇ.

ಟ್ರಂಪ್ 2025ರ ಮಾರ್ಚ್ 25ರಂದು ಚುನಾವಣೆಯ ಬಗ್ಗೆ ಒಂದು ಆದೇಶ ಹೊರಡಿಸಿದರು. ಅದರ ಶುರುವಿನಲ್ಲೇ ನಮ್ಮ ದೇಶದ ಹೆಸರಿದೆ. ಭಾರತ, ಬ್ರೆಜಿಲ್ ಮತದಾರರ ಗುರುತನ್ನು ಬಯೋಮೆಟ್ರಿಕ್ ಮಾಹಿತಿಗೆ ಜೋಡಿಸುತ್ತಿವೆ, ನಾವು ಮಾತ್ರ ಜನರ ಬಾಯಿಮಾತು ನಂಬಿ ಕೂತಿದ್ದೇವೆ ಅನ್ನುವ ಅರ್ಥದ ಮಾತು. ಇದನ್ನು ಓದಿ ನಮ್ಮವರು ಕೆಲವರು ಖುಷಿಪಟ್ಟರು. ವಾಟ್ಸಾಪಿನಲ್ಲಿ ನನಗೂ ಬಂತು. ಆದರೆ ಹೋಲಿಕೆ ಅರ್ಧಕ್ಕೇ ನಿಂತಿದೆ. ಟಿ.ಎನ್. ಶೇಷನ್ ಕಾಲದಲ್ಲಿ, 1993ರಲ್ಲಿ, ನಮ್ಮಲ್ಲಿ ಫೋಟೋ ಇರುವ ಮತದಾರರ ಚೀಟಿ ಶುರುವಾಯಿತು. ಅದನ್ನು ಮಾಡಿಕೊಡುವ ಕೆಲಸ ಸರ್ಕಾರದ್ದು. ಪಟ್ಟಿ ಮಾಡಲು ಮನೆ ಮನೆಗೆ ಬರುವವರು ನಮ್ಮೂರ ಶಾಲೆಯ ಮೇಷ್ಟ್ರು, ಅಂಗನವಾಡಿ ಟೀಚರ್. ಚೀಟಿ ಕಳೆದುಹೋದರೆ ಆಧಾರ್, ಪಾಸ್‌ಪೋರ್ಟ್, ನರೇಗಾ ಕಾರ್ಡ್ ಹೀಗೆ ಹತ್ತಾರು ದಾರಿಗಳಿವೆ. ಕೇಳುವವನೇ ಕೊಡುವವನೂ ಆಗಿದ್ದಾನೆ. ಅಮೆರಿಕದಲ್ಲಿ ಕೇಳುವುದನ್ನು ಮಾತ್ರ ತರಲು ಹೊರಟಿದ್ದಾರೆ. ಕೊಡುವುದು ಯಾರು ಅಂತ ಕೇಳಿದರೆ ಉತ್ತರ ಇಲ್ಲ.

ನಮ್ಮದೇನು ಭಾರೀ ಚೆನ್ನಾಗಿದೆ ಅಂತ ಹೇಳುತ್ತಿಲ್ಲ. 2025ರಲ್ಲಿ ಬಿಹಾರದ ಪಟ್ಟಿ ಪರಿಷ್ಕರಣೆ ನಡೆದಾಗ ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರು ಹೊರಗುಳಿದವು. ಯಾವ ಕಾಗದ ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಅಂತ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅದು ಬೇರೆಯದೇ ಉಪನ್ಯಾಸ. ಕ್ಯಾನ್ಸಸ್‌ಗೆ ಹೋಗೋಣ.

ಅದಕ್ಕೂ ಮುಂಚೆ ಇಂಡಿಯಾನಾದಲ್ಲಿ ಒಂದು ನಿಮಿಷ ನಿಲ್ಲಬೇಕು, ಕ್ಷಮಿಸಿ. ಆ ರಾಜ್ಯ 2005ರಲ್ಲಿ ಮತಗಟ್ಟೆಯಲ್ಲಿ ಫೋಟೋ ಐಡಿ ಕಡ್ಡಾಯ ಮಾಡಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 2008ರ ಏಪ್ರಿಲ್ 28ರಂದು, ಆರು ನ್ಯಾಯಮೂರ್ತಿಗಳು ಈ ಕಡೆ, ಮೂವರು ಆ ಕಡೆ ಆಗಿ ಕಾನೂನು ಗೆದ್ದಿತು. ಮುಖ್ಯ ತೀರ್ಪು ಬರೆದವರು ಜಾನ್ ಪಾಲ್ ಸ್ಟೀವನ್ಸ್. ತಮಾಷೆ ನೋಡಿ. ಇನ್ನೊಬ್ಬರ ಹೆಸರಲ್ಲಿ ಮತಗಟ್ಟೆಗೆ ಬಂದು ವೋಟು ಹಾಕಿದ ಒಂದೇ ಒಂದು ಪ್ರಕರಣ ಇಂಡಿಯಾನಾದ ಇತಿಹಾಸದಲ್ಲಿ ನಡೆದದ್ದಕ್ಕೆ ದಾಖಲೆ ಮುಂದೆ ಬಂದಿಲ್ಲ ಅಂತ ಅವರೇ ಬರೆದರು. ಹಾಗೆಯೇ ಐಡಿ ಇಲ್ಲದೆ ವೋಟು ತಪ್ಪಿದವರ ಗಟ್ಟಿ ಲೆಕ್ಕವನ್ನೂ ವಿರೋಧಿಗಳು ಕೊಡಲಿಲ್ಲ ಅಂದರು. ಎರಡೂ ಕಡೆಯವರ ಕೈ ಖಾಲಿ. ಕಾನೂನು ಮಾತ್ರ ಉಳಿಯಿತು.

ತೀರ್ಪು ಬಂದ ಎಂಟನೇ ದಿನಕ್ಕೆ ಪ್ರಾಥಮಿಕ ಚುನಾವಣೆ, ಅಂದರೆ ಪಕ್ಷಗಳ ಅಭ್ಯರ್ಥಿಗಳನ್ನು ಆರಿಸುವ ಮತದಾನ. ಸೌತ್ ಬೆಂಡ್ ಊರಿನ ಒಂದು ಕ್ಯಾಥೊಲಿಕ್ ಸನ್ಯಾಸಿನಿಯರ ಮಠದಲ್ಲೇ ಮತಗಟ್ಟೆ. ಎಂಬತ್ತು ತೊಂಬತ್ತು ದಾಟಿದ ಸನ್ಯಾಸಿನಿಯರು ಬಂದರು. ಕಾರು ಓಡಿಸುವುದು ಬಿಟ್ಟು ಎಷ್ಟೋ ವರ್ಷ ಆಗಿತ್ತು. ಲೈಸೆನ್ಸ್ ಇಲ್ಲ. ಕೆಲವರ ಹತ್ತಿರ ಅವಧಿ ಮುಗಿದ ಪಾಸ್‌ಪೋರ್ಟ್. ಮೇಜಿನ ಹಿಂದೆ ಚುನಾವಣಾ ಕೆಲಸಕ್ಕೆ ಕೂತಿದ್ದವರೂ ಅದೇ ಮಠದ ಒಬ್ಬ ಸೋದರಿ. ದಿನಾ ಒಟ್ಟಿಗೆ ಪ್ರಾರ್ಥನೆ ಮಾಡುವವರು. ಅವರೇ ಸುಮಾರು ಹನ್ನೆರಡು ಜನರನ್ನು ವಾಪಸ್ ಕಳಿಸಬೇಕಾಯಿತು. ಒಬ್ಬರಿಗೆ 98 ವರ್ಷ. ಐಡಿ ಮಾಡಿಸಿಕೊಂಡು ಬನ್ನಿ ಅಂದರೆ, ಅದಕ್ಕೆಲ್ಲ ಹೋಗಲಾರೆ ಅಂದುಬಿಟ್ಟರು. ನಿಮಗೆ ಗೊತ್ತಿರುವವರನ್ನು 'ನೀವು ಯಾರು' ಅಂತ ಕೇಳಬೇಕಾದ ಕಾನೂನು ಇದು. ನನಗೆ ಈ ಪ್ರಸಂಗ ಬಿಟ್ಟು ಮುಂದೆ ಹೋಗಲು ಆಗುವುದೇ ಇಲ್ಲ.

ಸರಿ, ಕ್ಯಾನ್ಸಸ್. 2010ರ ಕೊನೆಯಲ್ಲಿ ಅಲ್ಲಿ ಇಬ್ಬರು ರಿಪಬ್ಲಿಕನ್ನರು ಗೆದ್ದರು. ಗವರ್ನರ್ ಆಗಿ ಸ್ಯಾಮ್ ಬ್ರೌನ್‌ಬ್ಯಾಕ್. ಚುನಾವಣೆ ನೋಡಿಕೊಳ್ಳುವ ಸೆಕ್ರೆಟರಿ ಆಫ್ ಸ್ಟೇಟ್ ಆಗಿ ಕ್ರಿಸ್ ಕೋಬಾಕ್. ಕೋಬಾಕ್ ಸಾಮಾನ್ಯ ಮನುಷ್ಯ ಅಲ್ಲ. ಹಾರ್ವರ್ಡ್, ಆಕ್ಸ್‌ಫರ್ಡ್, ಯೇಲ್‌ನಲ್ಲಿ ಓದಿದವರು. 2010ರಲ್ಲಿ ಅರಿಜೋನಾ ತಂದ ಬಿಗಿ ವಲಸೆ ಕಾನೂನನ್ನು ಬರೆಯಲು ನೆರವಾದವರು. ಆ ಕಾನೂನಿನಲ್ಲಿ ಪ್ರಶ್ನೆಗೆ ಬಂದ ನಾಲ್ಕು ಕಲಮುಗಳಲ್ಲಿ ಮೂರನ್ನು 2012ರಲ್ಲಿ ಸುಪ್ರೀಂ ಕೋರ್ಟ್ ಹೊಡೆದುಹಾಕಿತು, ಅನುಮಾನ ಬಂದರೆ ಪೊಲೀಸರು ಕಾಗದ ಕೇಳಬಹುದು ಅನ್ನುವುದು ಮಾತ್ರ ಉಳಿಯಿತು. ಅಷ್ಟರಲ್ಲಿ ಅವರು ಕ್ಯಾನ್ಸಸ್‌ನಲ್ಲಿ ಇನ್ನೊಂದು ತಂದಿದ್ದರು. ವಲಸೆಯ ಜಗಳವೂ ವೋಟರ್ ಐಡಿಯ ಜಗಳವೂ ಬೇರೆ ಬೇರೆ ಅಂತ ಯಾರಾದರೂ ಹೇಳಿದರೆ ಈ ಒಬ್ಬರ ಕೆಲಸ ತೋರಿಸಿದರೆ ಸಾಕು.

2011ರ ಕಾನೂನಿನಲ್ಲಿ ಎರಡು ಭಾಗ. ಮತಗಟ್ಟೆಯಲ್ಲಿ ಫೋಟೋ ಐಡಿ, ಅದು 2012ರಿಂದ. ಹೊಸದಾಗಿ ಪಟ್ಟಿಗೆ ಸೇರುವವರು ಪೌರತ್ವದ ದಾಖಲೆ ತರಬೇಕು, ಅದು 2013ರಿಂದ. ಜನ ಇವೆರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಎರಡಕ್ಕೂ ತುಂಬ ವ್ಯತ್ಯಾಸ ಇದೆ. ಡ್ರೈವಿಂಗ್ ಲೈಸೆನ್ಸ್ ನೀವು ಯಾರು ಅಂತ ಹೇಳುತ್ತದೆ. ನೀವು ಪ್ರಜೆಯೋ ಅಲ್ಲವೋ ಅಂತ ಸಾಮಾನ್ಯವಾಗಿ ಹೇಳುವುದಿಲ್ಲ. ಅದಕ್ಕೆ ಜನನ ಪ್ರಮಾಣಪತ್ರ ಬೇಕು, ಇಲ್ಲವೇ ಪಾಸ್‌ಪೋರ್ಟ್ ಬೇಕು. ಅಮೆರಿಕನ್ನರಲ್ಲಿ ಹೆಚ್ಚುಕಡಿಮೆ ಅರ್ಧ ಜನರ ಹತ್ತಿರ ಪಾಸ್‌ಪೋರ್ಟ್ ಇಲ್ಲ. ಜನನ ಪ್ರಮಾಣಪತ್ರ ಇನ್ನೊಂದು ರಾಜ್ಯದಲ್ಲಿದ್ದರೆ ಅಲ್ಲಿಗೆ ಬರೆದು, ದುಡ್ಡು ಕಟ್ಟಿ ತರಿಸಬೇಕು. ಮದುವೆಯಾಗಿ ಹೆಸರು ಬದಲಾಗಿದ್ದರೆ ಮದುವೆಯ ಪತ್ರವೂ ಬೇಕು. ಇನಿಷಿಯಲ್ ಹಿಂದೆ ಮುಂದೆ ಆಗಿ ಬ್ಯಾಂಕಿನಲ್ಲಿ ಒದ್ದಾಡಿದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪರಿಣಾಮ? ದಾಖಲೆ ಕೊಡದ ಅರ್ಜಿಗಳನ್ನು ತಡೆಹಿಡಿದು ಇಟ್ಟರು. ತೊಂಬತ್ತು ದಿನ ಕಳೆದರೆ ಕಿತ್ತುಹಾಕಿದರು. ಹೀಗೆ ತಡೆಹಿಡಿದದ್ದು, ರದ್ದಾದದ್ದು ಒಟ್ಟು 31,089. ಮೊದಲೇ ಪಟ್ಟಿಯಲ್ಲಿದ್ದವರಿಗೆ ಕಾನೂನು ತಟ್ಟಲಿಲ್ಲ. ಹಾಗಾಗಿ ಹೊಡೆತ ಬಿದ್ದದ್ದು ಹೊಸಬರಿಗೆ. ಮೊದಲ ಸಲ ವೋಟು ಹಾಕಲು ಹೊರಟ ಹುಡುಗ ಹುಡುಗಿಯರಿಗೆ, ಬೇರೆ ರಾಜ್ಯದಿಂದ ಬಂದವರಿಗೆ. ಇನ್ನು ಯಾರನ್ನು ತಡೆಯಬೇಕು ಅಂತ ಕಾನೂನು ಬಂತೋ ಅವರ ಲೆಕ್ಕ? 2018ರವರೆಗಿನ ಸುಮಾರು ಹತ್ತೊಂಬತ್ತು ವರ್ಷಗಳಲ್ಲಿ ಪಟ್ಟಿಗೆ ಸೇರಿದ ಪ್ರಜೆಗಳಲ್ಲದವರು ಹೆಚ್ಚೆಂದರೆ 39.

ಮೊಕದ್ದಮೆ 2018ರ ಮಾರ್ಚ್‌ನಲ್ಲಿ ವಿಚಾರಣೆಗೆ ಬಂತು. ಕೋಬಾಕ್ ತಮ್ಮ ವಾದವನ್ನು ತಾವೇ ಮಂಡಿಸಿದರು. ಸಿಕ್ಕಿರುವ 39 ಜನ ಹಿಮಬಂಡೆಯ ತುದಿ ಮಾತ್ರ, ನೀರಿನ ಕೆಳಗೆ ಇನ್ನೂ ಎಷ್ಟೋ ಇದೆ ಅನ್ನುವುದು ಅವರ ವಾದ. ಅವರ ಕಡೆಯ ತಜ್ಞರೊಬ್ಬರು ಹದಿನೆಂಟು ಸಾವಿರದವರೆಗೂ ಇರಬಹುದು ಅಂದರು. ನ್ಯಾಯಾಧೀಶೆ ಜೂಲಿ ರಾಬಿನ್ಸನ್, ಜಾರ್ಜ್ ಬುಷ್ ನೇಮಿಸಿದವರು, ಆ ಅಂದಾಜು ಹೇಗೆ ಬಂತು ಅಂತ ಬಿಡಿಸಿ ನೋಡಿದರು. ಸಣ್ಣ ಸಮೀಕ್ಷೆಗಳು, ಎಳೆದು ಹಿಗ್ಗಿಸಿದ ಲೆಕ್ಕ. ಜೂನ್‌ನಲ್ಲಿ ತೀರ್ಪು ಕೊಟ್ಟರು. ಹಿಮಬಂಡೆಯೂ ಇಲ್ಲ ಏನೂ ಇಲ್ಲ, ಇರುವುದು ಸೂರಿನಿಂದ ತೊಟ್ಟಿಕ್ಕುವ ಹಿಮದ ಕಡ್ಡಿ, ಅದೂ ಬಹುಪಾಲು ಗೊಂದಲದಿಂದ ಮತ್ತು ಕಚೇರಿಯ ತಪ್ಪಿನಿಂದ ಆದದ್ದು ಅಂತ ಅದರ ಸಾರ.

ಕಚೇರಿಯ ತಪ್ಪು ಅಂದರೆ ಏನು ಅಂತ ನೋಡಬೇಕು. ಗ್ರೀನ್ ಕಾರ್ಡ್ ಇರುವ ಒಬ್ಬರು ಡ್ರೈವಿಂಗ್ ಲೈಸೆನ್ಸ್ ಮಾಡಿಸಲು ಹೋಗುತ್ತಾರೆ. ನಾನು ಪ್ರಜೆಯಲ್ಲ ಅಂತ ಫಾರ್ಮಿನಲ್ಲಿ ಬರೆದೇ ಕೊಡುತ್ತಾರೆ. ಆದರೂ ಗುಮಾಸ್ತರು ಮತದಾರರ ಪಟ್ಟಿಗೆ ಸೇರಿಸಿಬಿಡುತ್ತಾರೆ. ರಾಜ್ಯದ ಪಟ್ಟಿ ಎಷ್ಟು ಗಲೀಜಾಗಿತ್ತು ಅಂದರೆ, ಅದರಲ್ಲಿ 1800ರ ದಶಕಗಳಲ್ಲಿ ಹುಟ್ಟಿದವರು ಅಂತ ನೂರರಷ್ಟು ಹೆಸರು ಇದ್ದವು! ಅವರು ಯಾರೂ ವೋಟು ಹಾಕಲು ಎದ್ದು ಬಂದಿರಲಿಲ್ಲ. ಟೈಪ್ ಮಾಡುವಾಗ ಆದ ತಪ್ಪು ಅಷ್ಟೇ. ಪಟ್ಟಿ ಸರಿ ಮಾಡುವುದು ಸರ್ಕಾರದ ಕೆಲಸ. ಅದನ್ನು ಬಿಟ್ಟು ಜನರ ಕೈಲಿ ಕಾಗದ ತರಿಸಲು ಹೊರಟರು.

ಇನ್ನೊಂದು ಮಜಾ. ವಿಚಾರಣೆಯಲ್ಲಿ ದಾಖಲೆಗಳನ್ನು ಎದುರು ಕಕ್ಷಿಗೆ ಮೊದಲೇ ಕೊಡಬೇಕು ಅನ್ನುವ ನಿಯಮವನ್ನು ಕೋಬಾಕ್ ಮತ್ತೆ ಮತ್ತೆ ಮುರಿದರು. ಕಾನೂನಿನ ತರಗತಿಗೆ ಹೋಗಿ ಆರು ಗಂಟೆ ಹೆಚ್ಚುವರಿ ಪಾಠ ಕೇಳಿ ಬನ್ನಿ ಅಂತ ನ್ಯಾಯಾಧೀಶೆ ಆದೇಶಿಸಿದರು. ಯೇಲ್‌ನಲ್ಲಿ ಕಾನೂನು ಓದಿ, ಕಾಲೇಜಿನಲ್ಲಿ ಕಾನೂನು ಪಾಠವನ್ನೂ ಮಾಡಿದವರಿಗೆ! ಮೇಲ್ಮನವಿಯೂ 2020ರಲ್ಲಿ ಸೋತಿತು. ಗೆದ್ದವರ ವಕೀಲರ ಖರ್ಚು ಕ್ಯಾನ್ಸಸ್‌ನ ಮೇಲೆ ಬಿತ್ತು, ಹತ್ತು ಲಕ್ಷ ಡಾಲರ್‌ಗಿಂತ ಹೆಚ್ಚು.

ಇಷ್ಟು ಕೇಳಿ, ಫೋಟೋ ಐಡಿ ಕೇಳುವುದೇ ತಪ್ಪು ಅಂತ ನಾನು ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. 2024ರ ಗ್ಯಾಲಪ್ ಸಮೀಕ್ಷೆಯಲ್ಲಿ ನೂರಕ್ಕೆ 84 ಜನ ಫೋಟೋ ಐಡಿ ಬೇಕು ಅಂದರು. ಡೆಮಾಕ್ರಟರಲ್ಲೂ ಹೆಚ್ಚಿನವರು ಬೇಕು ಅಂದವರೇ. ಐಡಿ ಕೇಳಿದ ಕೂಡಲೇ ಜನಾಂಗ ದ್ವೇಷ ಅಂತ ಕೂಗುವ ಡೆಮಾಕ್ರಟರು ತಮ್ಮದೇ ಮತದಾರರ ಮಾತು ಕೇಳಿಸಿಕೊಂಡಿಲ್ಲ ಅಂತ ನನ್ನ ಅನಿಸಿಕೆ. ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಮತ್ತು ರಿಪಬ್ಲಿಕನ್ ನಾಯಕ ಜೇಮ್ಸ್ ಬೇಕರ್ ಸೇರಿ 2005ರಲ್ಲಿ ಒಂದು ವರದಿ ಕೊಟ್ಟರು. ಫೋಟೋ ಐಡಿ ಬೇಕು, ಅದನ್ನು ಸರ್ಕಾರವೇ ಜನರನ್ನು ಹುಡುಕಿಕೊಂಡು ಹೋಗಿ ಪುಕ್ಕಟೆ ಕೊಡಬೇಕು ಅಂದರು. ಮೊದಲ ಅರ್ಧ ಒಂದು ಪಕ್ಷಕ್ಕೆ ಇಷ್ಟವಾಯಿತು. ಇನ್ನರ್ಧಕ್ಕೆ ದುಡ್ಡು ಹಾಕಲು ಯಾರೂ ಮುಂದೆ ಬರಲಿಲ್ಲ.

ಟೆಕ್ಸಾಸ್ 2011ರಲ್ಲಿ ಮಾಡಿದ ಪಟ್ಟಿ ನೋಡಿ. ಬಂದೂಕಿನ ಪರವಾನಗಿ ತೋರಿಸಿದರೆ ವೋಟು ಹಾಕಬಹುದು. ಸರ್ಕಾರಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಕಾರ್ಡ್ ನಡೆಯುವುದಿಲ್ಲ. ಎರಡರಲ್ಲೂ ಫೋಟೋ ಇದೆ. ಯಾವ ಕಾರ್ಡ್ ಯಾರ ಜೇಬಿನಲ್ಲಿ ಇರುತ್ತದೆ, ಅವರು ಯಾರಿಗೆ ವೋಟು ಹಾಕುತ್ತಾರೆ ಅಂತ ಶಾಸಕರಿಗೆ ಗೊತ್ತಿರಲಿಲ್ಲವೇ? ಇಂಥವು ಕಂಡಾಗ ಜನ ಅನುಮಾನ ಪಡುವುದರಲ್ಲಿ ತಪ್ಪಿಲ್ಲ.

ಈಗ ಕ್ಯಾನ್ಸಸ್‌ನ ನೈಋತ್ಯ ಮೂಲೆಗೆ ಬನ್ನಿ. ಗಾರ್ಡನ್ ಸಿಟಿ, ಡಾಡ್ಜ್ ಸಿಟಿ, ಲಿಬರಲ್ ಅಂತ ಮೂರು ಊರು. ಅಮೆರಿಕದ ದನದ ಮಾಂಸದ ದೊಡ್ಡ ಪಾಲು ಈ ಕಡೆಯ ಕಾರ್ಖಾನೆಗಳಿಂದ ಬರುತ್ತದೆ. 1980ರ ಕೊನೆಗೆ ಗಾರ್ಡನ್ ಸಿಟಿಯ ಪಕ್ಕದ ಹಾಲ್ಕಮ್‌ನಲ್ಲಿ ಭಾರಿ ಕಾರ್ಖಾನೆ ತೆರೆಯಿತು. ಚಳಿಯಲ್ಲಿ ನಿಂತು, ಕತ್ತಿ ಹಿಡಿದು, ಒಂದೇ ಕೆಲಸವನ್ನು ಗಂಟೆಗಟ್ಟಲೆ ಮಾಡಬೇಕು. ಸ್ಥಳೀಯರು ಅಷ್ಟು ಜನ ಸಿಗಲಿಲ್ಲ. ಮೊದಲು ವಿಯೆಟ್ನಾಂ ನಿರಾಶ್ರಿತರು ಬಂದರು, ಮೆಕ್ಸಿಕೋದವರು ಬಂದರು, ಆಮೇಲೆ ಸೊಮಾಲಿಯಾದವರು, ಬರ್ಮಾದವರು. ಕೆಲವರ ಹತ್ತಿರ ಕಾಗದ ಇತ್ತು, ಕೆಲವರ ಹತ್ತಿರ ಇರಲಿಲ್ಲ. ಸುತ್ತಲಿನ ಎಷ್ಟೋ ಊರುಗಳು ಮುದುಕರೇ ತುಂಬಿ ಸೊರಗುತ್ತಿದ್ದಾಗ ಈ ಊರುಗಳ ಶಾಲೆಗಳಲ್ಲಿ ಮಕ್ಕಳು ತುಂಬಿದ್ದರು. ಆ ಜಿಲ್ಲೆಗಳು ವೋಟು ಹಾಕುವುದು ಮಾತ್ರ ರಿಪಬ್ಲಿಕನ್ನರಿಗೆ. ದನ ಸಾಕುವವರಿಗೆ ಕೂಲಿಯಾಳು ಬೇಕು. ಅವರ ಪಕ್ಷಕ್ಕೆ ವಲಸಿಗರು ಬೇಡ. ಈ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಅವರು ನಾಲ್ಕು ದಶಕ ನಡೆಸಿಬಿಟ್ಟಿದ್ದಾರೆ.

ಡಾಡ್ಜ್ ಸಿಟಿಯಲ್ಲಿ ಆಗ ಸುಮಾರು 13,000 ಮತದಾರರು. ಮತಗಟ್ಟೆ ಇದ್ದದ್ದು ಒಂದೇ ಒಂದು. 2018ರ ಚುನಾವಣೆಗೆ, ರಸ್ತೆ ಕೆಲಸ ಇದೆ ಅಂತ ಹೇಳಿ, ಅದನ್ನೂ ಊರ ಹೊರಗಿನ ಒಂದು ಸಭಾಂಗಣಕ್ಕೆ ಸಾಗಿಸಿದರು. ಹತ್ತಿರದಲ್ಲಿ ಬಸ್ ನಿಲ್ದಾಣ ಇರಲಿಲ್ಲ. ದೇಶವೆಲ್ಲ ಗುಲ್ಲಾಯಿತು. ನಮ್ಮಲ್ಲಿ ಮತಗಟ್ಟೆ ಎರಡು ಕಿಲೋಮೀಟರ್ ಒಳಗೇ ಇರಬೇಕು ಅಂತ ನಿಯಮ. ಒಂದು ಹಾಡಿಯ ನಾಲ್ಕೈದು ವೋಟಿಗೂ ಸಿಬ್ಬಂದಿ ಕಾಡು ಹತ್ತಿ ಹೋಗುತ್ತಾರೆ. ಈ ವಿಷಯದಲ್ಲಿ ನಾವು ಎದೆ ತಟ್ಟಿಕೊಳ್ಳಬಹುದು.

ತೆರಿಗೆಗೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕೆಂದರೆ ಈ ಭಾಗವನ್ನು ಜನ ಜಾಸ್ತಿ ಗಮನಿಸುವುದಿಲ್ಲ.

ಬ್ರೌನ್‌ಬ್ಯಾಕ್ 2012ರಲ್ಲಿ ಆದಾಯ ತೆರಿಗೆ ಇಳಿಸಿದರು. ಮೇಲಿನ ದರ 6.45ರಿಂದ 4.9ಕ್ಕೆ ಬಂತು. ಅದಕ್ಕಿಂತ ದೊಡ್ಡದು ಇನ್ನೊಂದು. ಸಣ್ಣ ಕಂಪನಿಗಳ, ಪಾಲುದಾರಿಕೆಗಳ ಲಾಭ ಮಾಲೀಕರ ಆದಾಯವಾಗಿ ಬರುತ್ತದಲ್ಲ, ಅದರ ಮೇಲೆ ರಾಜ್ಯದ ತೆರಿಗೆ ಸೊನ್ನೆ. ರಾಜ್ಯದ ಆರ್ಥಿಕತೆಯ ಎದೆಗೆ ಚುಚ್ಚುವ ಚೈತನ್ಯದ ಇಂಜೆಕ್ಷನ್ ಇದು ಅಂತ ಹೇಳಿದರು. ಇದು ಜೀವಂತ ಪ್ರಯೋಗ ಅಂತಲೂ ಅಂದರು. ಆ ಮಾತು ಆಮೇಲೆ ಅವರ ಬೆನ್ನು ಬಿಡಲಿಲ್ಲ.

ಸೊನ್ನೆ ಅಂದ ಮೇಲೆ ಜನ ಸುಮ್ನೆ ಇರುತ್ತಾರೆಯೇ? ಸಂಬಳ ತೆಗೆದುಕೊಳ್ಳುತ್ತಿದ್ದವರೂ ಕಂಪನಿ ಮಾಡಿಕೊಂಡರು. ಕ್ಯಾನ್ಸಸ್ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ಕೋಚ್ ವರ್ಷಕ್ಕೆ ಕೋಟಿಗಟ್ಟಲೆ ರೂಪಾಯಿ ಪಡೆಯುವವರು. ಅದರ ಬಹುಪಾಲು ಅವರ ಕಂಪನಿಯ ಹೆಸರಿಗೆ ಹೋಗುತ್ತದೆ, ಹಾಗಾಗಿ ಆ ಪಾಲಿಗೆ ರಾಜ್ಯದ ತೆರಿಗೆ ಬೀಳುವುದಿಲ್ಲ ಅಂತ 2016ರಲ್ಲಿ ಪತ್ರಕರ್ತರು ತೋರಿಸಿದರು. ಕಾನೂನು ಮುರಿದಿರಲಿಲ್ಲ. ಕಾನೂನೇ ಹಾಗಿತ್ತು.

ಖಜಾನೆ ಬರಿದಾಯಿತು. ಹೆದ್ದಾರಿಯ ದುಡ್ಡು ತೆಗೆದರು. 2015ರಲ್ಲಿ ಒಂದೆರಡು ಶಾಲಾ ಜಿಲ್ಲೆಗಳು ದುಡ್ಡಿಲ್ಲದೆ ವರ್ಷ ಮುಗಿಯುವ ಮೊದಲೇ ಬಾಗಿಲು ಹಾಕಿದವು. ಅದೇ ವರ್ಷ ತೂತು ಮುಚ್ಚಲು ಮಾರಾಟ ತೆರಿಗೆಯನ್ನು ಶೇಕಡಾ 6.5ಕ್ಕೆ ಏರಿಸಿದರು. ಈ ತೆರಿಗೆ ಹಾಲು, ಬ್ರೆಡ್, ತರಕಾರಿ ಮೇಲೂ ಇತ್ತು. ಈಗ ಗಾರ್ಡನ್ ಸಿಟಿಯ ಆ ಕೆಲಸಗಾರನನ್ನು ನೆನಪಿಸಿಕೊಳ್ಳಿ. ಕಾಗದ ಇಲ್ಲದ ಮನುಷ್ಯ ಅಂತಲೇ ಇಟ್ಟುಕೊಳ್ಳೋಣ. ಅಂಗಡಿಯಲ್ಲಿ ನೂರು ಡಾಲರ್ ದಿನಸಿ ಕೊಂಡರೆ ಆರೂವರೆ ಡಾಲರ್ ರಾಜ್ಯಕ್ಕೆ ಕೊಡುತ್ತಿದ್ದ. ಆಗ ಯಾರೂ ಅವನ ಕಾಗದ ಕೇಳುತ್ತಿರಲಿಲ್ಲ. ಕಂಪನಿಯ ಹೆಸರಲ್ಲಿ ಲಕ್ಷಾಂತರ ಡಾಲರ್ ಪಡೆಯುವ ಮಾಲೀಕ ಆ ಆದಾಯಕ್ಕೆ ರಾಜ್ಯಕ್ಕೆ ಏನೂ ಕೊಡುತ್ತಿರಲಿಲ್ಲ. ಆದರೆ ಟಿವಿ ಚರ್ಚೆಯಲ್ಲಿ ರಾಜ್ಯಕ್ಕೆ ಹೊರೆ ಅಂತ ಹೆಸರು ಬರುತ್ತಿದ್ದದ್ದು ಮೊದಲನೆಯವನಿಗೆ.

ಇದು ಕ್ಯಾನ್ಸಸ್‌ನ ಕಥೆ ಮಾತ್ರ ಅಲ್ಲ. ಕೇಂದ್ರದ ತೆರಿಗೆ ಇಲಾಖೆ 1996ರಿಂದ ಸೋಷಿಯಲ್ ಸೆಕ್ಯುರಿಟಿ ನಂಬರ್ ಇಲ್ಲದವರಿಗಾಗಿ ಬೇರೆಯೇ ಒಂದು ತೆರಿಗೆ ನಂಬರ್ ಕೊಡುತ್ತಿದೆ. ನೀನು ಹೇಗೆ ಬಂದೆ ಅಂತ ಕೇಳುವುದಿಲ್ಲ, ಎಷ್ಟು ದುಡಿದೆ ಅಂತ ಕೇಳುತ್ತದೆ. ಐಟೆಪ್ ಅನ್ನುವ ತೆರಿಗೆ ಅಧ್ಯಯನ ಸಂಸ್ಥೆಯ ಅಂದಾಜಿನಂತೆ, ಕಾಗದ ಇಲ್ಲದ ವಲಸಿಗರು 2022ರಲ್ಲಿ ಎಲ್ಲ ಬಗೆಯ ತೆರಿಗೆ ಸೇರಿ 9,670 ಕೋಟಿ ಡಾಲರ್ ಕಟ್ಟಿದ್ದಾರೆ. ಅದರಲ್ಲಿ 2,570 ಕೋಟಿ ಸೋಷಿಯಲ್ ಸೆಕ್ಯುರಿಟಿಗೆ. ಆ ಪಿಂಚಣಿ ಅವರಿಗೆ ಸಿಗುವುದಿಲ್ಲ. ಐಟೆಪ್ ಎಡಕ್ಕೆ ವಾಲಿದ ಸಂಸ್ಥೆ, ಅದನ್ನು ನೆನಪಿಡಿ. ಖರ್ಚೇ ಇಲ್ಲ ಅಂತಲೂ ಅಲ್ಲ. ಆ ಮಕ್ಕಳನ್ನು ಶಾಲೆಗೆ ಸೇರಿಸಲೇಬೇಕು ಅಂತ ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ. ಶಾಲೆಯ ಖರ್ಚು ಊರಿನದು ಮತ್ತು ರಾಜ್ಯದ್ದು. ಪಿಂಚಣಿಯ ತೆರಿಗೆ ಮಾತ್ರ ವಾಷಿಂಗ್ಟನ್‌ಗೆ ಹೋಗುತ್ತದೆ. ಊರಿನವರು ಗೊಣಗಿದರೆ ಅದರಲ್ಲಿ ಅರ್ಥ ಇದೆ.

ನಮ್ಮ ಹುಡುಗರೂ ಈ ಲೆಕ್ಕದಲ್ಲಿ ಇದ್ದಾರೆ. ಎಚ್-1ಬಿ ವೀಸಾದಲ್ಲಿ ಹೋದ ಎಂಜಿನಿಯರ್ ಸಂಬಳದಿಂದ ಶೇಕಡಾ 6.2 ಸೋಷಿಯಲ್ ಸೆಕ್ಯುರಿಟಿಗೆ ಕಟ್ ಆಗುತ್ತದೆ. ಕಂಪನಿ ಅಷ್ಟೇ ಸೇರಿಸುತ್ತದೆ. ಪಿಂಚಣಿ ಸಿಗಬೇಕಾದರೆ ಸುಮಾರು ಹತ್ತು ವರ್ಷದ ದುಡಿಮೆ ಬೇಕು. ವೀಸಾದ ಸಾಮಾನ್ಯ ಅವಧಿ ಆರು ವರ್ಷ. ಎರಡು ದೇಶಗಳ ನಡುವೆ ಈ ಬಗ್ಗೆ ಒಪ್ಪಂದ ಇಲ್ಲ. ಆರು ವರ್ಷ ದುಡಿದು ಬೆಂಗಳೂರಿಗೆ ವಾಪಸ್ ಬಂದರೆ ಆ ದುಡ್ಡು ಅಲ್ಲೇ. ಗ್ರೀನ್ ಕಾರ್ಡಿಗೆ ಕಾಯೋಣ ಅಂದರೆ ವರ್ಷದ ಕಾರ್ಡುಗಳಲ್ಲಿ ಒಂದು ದೇಶದವರಿಗೆ ಶೇಕಡಾ 7ರ ಮಿತಿ. ನಮ್ಮ ಸಾಲು ಎಷ್ಟು ಉದ್ದ ಅಂತ ನಿಮ್ಮಲ್ಲಿ ಹಲವರ ಮನೆಯಲ್ಲೇ ಗೊತ್ತು.

ಆ ಮಿತಿಯ ಕಥೆಗೂ ಕ್ಯಾನ್ಸಸ್‌ಗೂ ಒಂದು ನಂಟಿದೆ, ನೋವಿನದು. 2017ರ ಫೆಬ್ರವರಿ 22ರಂದು ಓಲೇತ ಊರಿನ ಒಂದು ಬಾರಿನಲ್ಲಿ ಹೈದರಾಬಾದ್ ಕಡೆಯ ಇಬ್ಬರು ಎಂಜಿನಿಯರುಗಳು ಕೆಲಸ ಮುಗಿಸಿ ಕೂತಿದ್ದರು. ಒಬ್ಬ ಬಿಳಿಯ ಬಂದು ಕೆಣಕಿದ. ನೀವು ಯಾವ ವೀಸಾದಲ್ಲಿ ಇದ್ದೀರಿ, ಕಾನೂನುಬದ್ಧವಾಗಿ ಇದ್ದೀರಾ ಅಂತ ಕೇಳಿದ. ಹೊರಗೆ ಹಾಕಿದರು. ಬಂದೂಕು ತೆಗೆದುಕೊಂಡು ವಾಪಸ್ ಬಂದ, ನನ್ನ ದೇಶ ಬಿಟ್ಟು ತೊಲಗಿ ಅಂತ ಕೂಗುತ್ತ ಗುಂಡು ಹಾರಿಸಿದ. ಒಬ್ಬರು ಸತ್ತರು. ಗಂಡನ ವೀಸಾ ಗಂಡನ ಜೊತೆ ಹೋಯಿತು, ಹಾಗಾಗಿ ಹೆಂಡತಿಗೆ ಆ ದೇಶದಲ್ಲಿ ಇರುವ ಹಕ್ಕೇ ತೂಗಾಡತೊಡಗಿತು. ಆಕೆಗೆ ನೆರವಾದವರು ಅಲ್ಲಿನ ರಿಪಬ್ಲಿಕನ್ ಸಂಸದ ಕೆವಿನ್ ಯೋಡರ್. ಉದ್ಯೋಗದ ಗ್ರೀನ್ ಕಾರ್ಡಿಗೆ ದೇಶವಾರು ಮಿತಿ ತೆಗೆಯುವ ಮಸೂದೆಯ ಮುಂದಾಳು ಅವರೇ ಆದರು. ಮಸೂದೆ ಪಾಸಾಗಲಿಲ್ಲ. 2018ರಲ್ಲಿ ಅವರು ಸೋತರು. ರಿಪಬ್ಲಿಕನ್ ಅಂದರೆ ಎಲ್ಲರೂ ಒಂದೇ ಅಲ್ಲ ಅನ್ನುವುದಕ್ಕೆ ಇವರನ್ನು ನೆನೆಯುತ್ತೇನೆ.

ಕೊನೆಗೆ ಏನಾಯಿತು? 2017ರ ಜೂನ್‌ನಲ್ಲಿ, ರಿಪಬ್ಲಿಕನ್ ಬಹುಮತದ ಶಾಸನಸಭೆಯೇ ಬ್ರೌನ್‌ಬ್ಯಾಕ್ ಅವರ ವಿಟೋವನ್ನು ಮೀರಿ ತೆರಿಗೆ ಕಡಿತದ ಬಹುಪಾಲನ್ನು ವಾಪಸ್ ತೆಗೆಯಿತು. 2018ರಲ್ಲಿ ಕೋಬಾಕ್ ಗವರ್ನರ್ ಆಗಲು ನಿಂತು, ಡೆಮಾಕ್ರಟ್ ಲಾರಾ ಕೆಲ್ಲಿ ಎದುರು ಸೋತರು. ದಿನಸಿ ಮೇಲಿನ ರಾಜ್ಯದ ತೆರಿಗೆ ಹಂತ ಹಂತವಾಗಿ ಇಳಿದು 2025ರ ಜನವರಿಗೆ ಸೊನ್ನೆಯಾಯಿತು. ಕೋಬಾಕ್ ನಂತರ ಚುನಾವಣೆಯ ಹೊಣೆ ಹೊತ್ತ ಸ್ಕಾಟ್ ಶ್ವಾಬ್ ಕೂಡ ರಿಪಬ್ಲಿಕನ್. ಪೌರತ್ವದ ದಾಖಲೆ ಕೇಳುವ ಕಾನೂನಿಗೆ ಶಾಸಕರಾಗಿದ್ದಾಗ ಬೆಂಬಲ ಕೊಟ್ಟವರು. ಇಡೀ ದೇಶಕ್ಕೆ ಅದನ್ನು ತರುವ ಮಾತು ಬಂದಾಗ, 2024ರ ಕೊನೆಗೆ, ನಾವು ಹತ್ತು ವರ್ಷದ ಹಿಂದೆಯೇ ಮಾಡಿ ನೋಡಿದೆವು, ಸರಿಹೋಗಲಿಲ್ಲ ಅಂದರು. 2025ರ ಏಪ್ರಿಲ್‌ನಲ್ಲಿ ಕೆಳಸದನ ಅಂಥದೇ ಮಸೂದೆಯನ್ನು 220ಕ್ಕೆ 208 ಮತಗಳಿಂದ ಪಾಸು ಮಾಡಿತು. ಶ್ವಾಬ್ ಮಾತು ಅಲ್ಲಿ ಯಾರ ಕಿವಿಗೂ ಬಿದ್ದಂತೆ ಕಾಣಲಿಲ್ಲ.

ಹಾಗಂತ ಕೋಬಾಕ್ ಕಥೆ ಮುಗಿದಿಲ್ಲ. 2022ರಲ್ಲಿ ರಾಜ್ಯದ ಅಟಾರ್ನಿ ಜನರಲ್, ಅಂದರೆ ಸರ್ಕಾರದ ಮುಖ್ಯ ವಕೀಲ, ಆಗಿ ಗೆದ್ದರು. 2025ರ ನವೆಂಬರ್‌ನಲ್ಲಿ ಕೋಲ್ಡ್‌ವಾಟರ್ ಎಂಬ ಪುಟ್ಟ ಊರಿನ ಮೇಯರ್ ಮೇಲೆ ಆರೋಪ ಹೊರಿಸಿದರು. ಊರಿನವರು ಆತನನ್ನು ಮತ್ತೆ ಮೇಯರ್ ಮಾಡಿದ ಮರುದಿನ! ಮೆಕ್ಸಿಕೋದಿಂದ ಮಗುವಾಗಿದ್ದಾಗ ಬಂದವರು. ಗ್ರೀನ್ ಕಾರ್ಡ್ ಇದೆ, ಪೌರತ್ವ ಇಲ್ಲ. ಆದರೂ ವೋಟು ಹಾಕಿದರು ಅನ್ನುವುದು ಆರೋಪ. ಪ್ರಜೆಯಲ್ಲದವರು ವೋಟು ಹಾಕುವುದೇ ಇಲ್ಲ ಅಂತ ಹಟ ಹಿಡಿಯುವವರೂ ಇಂಥದ್ದಕ್ಕೆ ಉತ್ತರ ಹೇಳಬೇಕು. ನನ್ನ ಉತ್ತರ ಇಷ್ಟೇ. ಯಾರು ಪ್ರಜೆ ಅನ್ನುವ ಮಾಹಿತಿ ಸರ್ಕಾರದ ಹತ್ತಿರವೇ ಇದೆ. ವಲಸೆ ಇಲಾಖೆಯ ಕಡತ ಅವರದು, ಮತದಾರರ ಪಟ್ಟಿ ಅವರದು, ಲೈಸೆನ್ಸ್ ಕೊಟ್ಟ ಗುಮಾಸ್ತರೂ ಅವರವರೇ. ಜಾರ್ಜಿಯಾ 2024ರಲ್ಲಿ ತನ್ನ 82 ಲಕ್ಷ ಹೆಸರುಗಳ ಪಟ್ಟಿಯನ್ನು ಹೀಗೆ ಜಾಲಾಡಿತು. ಸಿಕ್ಕ ಪ್ರಜೆಗಳಲ್ಲದವರು 20. ಹೆಸರು ತೆಗೆದರು. ಅದಕ್ಕಾಗಿ ಯಾವ ಅಜ್ಜಿಯನ್ನೂ ಜನನ ಪ್ರಮಾಣಪತ್ರ ತಾ ಅನ್ನಲಿಲ್ಲ.

ಮೊದಲೇ ಚೀಟಿಯಲ್ಲಿ ಒಬ್ಬರು ಪ್ರಶ್ನೆ ಕಳಿಸಿದ್ದಾರೆ. ಮಗಳು ಅಲ್ಲಿ ಗ್ರೀನ್ ಕಾರ್ಡ್ ಪಡೆದಿದ್ದಾಳಂತೆ, ಇದೆಲ್ಲ ಅವಳಿಗೆ ಎಷ್ಟು ತಟ್ಟುತ್ತದೆ ಅಂತ. ತಟ್ಟುತ್ತದೆ. ಲೈಸೆನ್ಸ್ ಮಾಡಿಸಲು, ವಿಳಾಸ ಬದಲಿಸಲು ಹೋದಾಗ ಮತದಾರರ ಪಟ್ಟಿಗೆ ಸೇರಿಸಲೇ ಅಂತ ಕೇಳುತ್ತಾರೆ. ಎಷ್ಟೋ ಕಡೆ ಅದು ಕಂಪ್ಯೂಟರ್ ಪರದೆಯ ಮೇಲೆ ಒಂದು ಗುಂಡಿ. ಅವಸರದಲ್ಲಿ ಹೌದು ಅಂತ ಒತ್ತಿದರೆ, ಆಕೆ ಮುಂದೆ ಪೌರತ್ವಕ್ಕೆ ಅರ್ಜಿ ಹಾಕುವಾಗ ಆ ಫಾರ್ಮ್ ಕೇಳುತ್ತದೆ: ಎಂದಾದರೂ ಮತದಾರರಾಗಿ ಹೆಸರು ನೋಂದಾಯಿಸಿದ್ದೀರಾ, ವೋಟು ಹಾಕಿದ್ದೀರಾ? ಅಲ್ಲಿ ಗೊತ್ತಿರಲಿಲ್ಲ ಅಂದರೆ ಸುಲಭಕ್ಕೆ ಒಪ್ಪುವುದಿಲ್ಲ. ಬೇಡ ಅಂತ ಒತ್ತಲು ಹೇಳಿ. ತಪ್ಪಿ ಹೆಸರು ಸೇರಿದ್ದರೆ ವೋಟು ಹಾಕದೆ ಮೊದಲು ವಲಸೆ ವಕೀಲರನ್ನು ಕಾಣಲಿ, ಹೆಸರು ತೆಗೆಸಿದ್ದಕ್ಕೆ ಬರಹದಲ್ಲಿ ಪತ್ರ ಪಡೆಯಲಿ. ಆ ಪತ್ರವನ್ನು ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೊಳ್ಳಲಿ.